ಲ್ಯಾಪ್‌ಟಾಪಿನ ಸ್ಪೀಡೂ ನನ್ನ ಮದುವೆಯೂ

ಒಂದು ದಿನವಾದರೂ ಸುಮ್ಮನೆ ಕಳೆಯಲಿ ಎಂದು ಬೆಳಿಗ್ಗೆ ಶಟರ್ ಎತ್ತುವಾಗ ದೇವರಿಗೆ ಕೈಮುಗಿಯುತ್ತೇನೆ. ಶಟರ್ ಪೂರ್ತಿ ಮೇಲೆ ಹೋಗುವ ಮೊದಲೇ ಯಾರಾದರೊಬ್ಬರು ಲ್ಯಾಪ್‌ಟಾಪ್ ಕಂಕುಳಲ್ಲಿ ಹಿಡಿದುಕೊಂಡು, "ಎಂತ ಮಾಡಿಟ್ಟಿದ್ದೀ ಮಾರಾಯ ಇದಕ್ಕೆ?" ಎಂದು ಕೇಳುತ್ತಾ ನಿಂತಿರುತ್ತಾರೆ.

ಉಡುಪಿಯಿಂದ ಮಣಿಪಾಲಕ್ಕೆ ಹತ್ತುವ ರಸ್ತೆಯಲ್ಲಿ ನನ್ನದೊಂದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಅದರ ಬದಲಿಗೆ ಎಸ್ಸೆಸ್ಡಿ ಹಾಕಿಕೊಡುವುದು ಮುಖ್ಯ ಕೆಲಸ. ಹಾರ್ಡ್ ಡಿಸ್ಕಿನೊಳಗೆ ತಟ್ಟೆ ತಿರುಗುತ್ತದೆ, ಟಿಕ್ ಟಿಕ್ ಎನ್ನುತ್ತದೆ, ವಯಸ್ಸಾದ ಹಾಗೆ ನಿಧಾನ ಆಗುತ್ತದೆ. ಎಸ್ಸೆಸ್ಡಿಯಲ್ಲಿ ತಿರುಗುವಂಥದ್ದು ಎಂತದೂ ಇಲ್ಲ, ಬರೀ ಚಿಪ್. ಅದನ್ನು ಹಾಕಿದರೆ, ಆನ್ ಮಾಡಿಟ್ಟು ಸ್ನಾನಕ್ಕೆ ಹೋಗಬೇಕಾಗಿದ್ದ ಲ್ಯಾಪ್‌ಟಾಪು ನೀವು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ತಯಾರು. ಅದಕ್ಕೇ ಅಂಗಡಿಯ ಬೋರ್ಡಿನಲ್ಲಿ "ನಿಮ್ಮ ಲ್ಯಾಪ್‌ಟಾಪಿಗೆ ಮಿಂಚಿನ ವೇಗ" ಎಂದು ದೊಡ್ಡದಾಗಿ ಬರೆಸಿದೆ. ಬರೆಸಿದ ದಿನದಿಂದ ನನಗೆ ನೆಮ್ಮದಿ ಇಲ್ಲ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇದೆಲ್ಲ ನಡೆಯುವಾಗ ನನಗೆ ಮದುವೆ ಆಗಿರಲಿಲ್ಲ. ಹಣೆಯ ಮೇಲಿನ ಕೂದಲು ಹಿಂದೆ ಸರಿಯಲು ಶುರುವಾಗಿತ್ತು. ಅಮ್ಮನಿಗೆ ನನ್ನ ಮದುವೆಯದ್ದೊಂದೇ ಮಂಡೆಬೆಚ್ಚ, ಅದೇ ಚಿಂತೆ. ಬೋರ್ಡು ನೋಡಿದಾಗಲೆಲ್ಲ, "ಊರಿನವರ ಲ್ಯಾಪ್‌ಟಾಪಿಗೆಲ್ಲ ಮಿಂಚು. ನಿನ್ನ ಮದುವೆಗೆ ಒಂದು ಸೀಮೆಎಣ್ಣೆ ದೀಪವೂ ಇಲ್ಲ" ಎನ್ನುತ್ತಿದ್ದರು. ಹೇಳಿದರೆ ನಾಚಿಕೆ, ಮದುವೆ ಆಗಬೇಕು ಎಂದು ನನಗೂ ತುಂಬಾ ಇತ್ತು. ಅಂಗಡಿ ಮುಚ್ಚಿ ಮನೆಗೆ ಹೋದರೆ ಮಾತಾಡಲು ಅಮ್ಮ ಮತ್ತು ಟಿವಿ. ಎರಡನ್ನೂ ಆಫ್ ಮಾಡುವ ಬಟನ್ ಅಮ್ಮನ ಕೈಯಲ್ಲಿ.

ತೂಕ

ಕಾಪುವಿನ ಮೀನಿನ ಸಾಹುಕಾರರೊಬ್ಬರು ತಮ್ಮ ಲ್ಯಾಪ್‌ಟಾಪ್ ತಂದುಕೊಟ್ಟಿದ್ದರು. ಅದರ ಹಾರ್ಡ್ ಡಿಸ್ಕ್ ಸತ್ತುಹೋಗಿತ್ತು. ತೆಗೆದು, ಕಡ್ಡಿಯಂಥ ಒಂದು ಸಣ್ಣ ಎಸ್ಸೆಸ್ಡಿ ಕೂರಿಸಿದೆ. ಕೊಂಡುಹೋಗಲು ಬಂದವರು ಸ್ಕ್ರೀನ್ ತೆರೆಯಲೇ ಇಲ್ಲ. ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ಮೆಲ್ಲನೆ ಮೇಲೆ ಕೆಳಗೆ ಆಡಿಸಿದರು. ಬುಟ್ಟಿ ಎತ್ತಿಯೇ ಮೀನಿನ ತೂಕ ಹೇಳುವ ಜನ ಅವರು.

"ತೂಕ ಕಡಿಮೆ ಆಗಿದೆ. ಎಂತ ತೆಗೆದಿದ್ದೀ?"

"ಹಾಳಾದ ಡಿಸ್ಕ್ ಅಣ್ಣ."

"ಬದಲಿಗೆ ಎಂತ ಹಾಕಿದ್ದೀ, ತೋರಿಸು."

ಅಂಥದ್ದೇ ಇನ್ನೊಂದನ್ನು ಪೆಟ್ಟಿಗೆಯಿಂದ ತೆಗೆದು ತೋರಿಸಿದೆ. ಅವರ ಮುಖ ನೋಡಬೇಕಿತ್ತು. "ಬಂಗುಡೆ ತೆಗೆದು ಬೊಳೆಂಜಿರ್ ಹಾಕಿದ್ದೀಯಲ್ಲ ಮಾರಾಯ!" ಎಂದರು. ಬೊಳೆಂಜಿರ್ ಎಂದರೆ ನಮ್ಮಲ್ಲಿ ಬೆರಳುದ್ದದ ಮೀನು.

"ಅಣ್ಣಾ, ಇದರಲ್ಲಿ ಹಳೆಯದರ ಎರಡು ಪಟ್ಟು ಜಾಗ ಉಂಟು. ಸ್ಪೀಡು ನೋಡಿ ಒಮ್ಮೆ!" ಎಂದು ಆನ್ ಮಾಡಿದೆ. ಪುಸುಕ್ಕನೆ ತೆರೆದುಕೊಂಡಿತು. ಅವರು ತಲೆ ಕೂಡ ತಿರುಗಿಸಲಿಲ್ಲ.

"ಓಡದೆ ಎಂತ ಮಾಡುತ್ತದೆ? ಖಾಲಿ ದೋಣಿಯೂ ಜೋರಾಗಿ ಓಡುತ್ತದೆ. ನನಗೆ ಒಳಗೆ ಮಾಲು ಬೇಕು."

ಅರ್ಧ ಗಂಟೆ ವಾದ ಮಾಡಿದೆ. ನನಗೆ ಸಿಟ್ಟು ಬಂದರೆ ಕಿವಿ ಕೆಂಪಾಗುತ್ತದೆ, ಆ ದಿನ ಎರಡೂ ಕೆಂಪಾಯಿತು. ಕೊನೆಗೆ ಬೊಡಿದು, ಸಾಕಾಗಿ ಹೋಗಿ, ಸತ್ತ ಡಿಸ್ಕನ್ನು ಯಾವ ವಯರಿಗೂ ತಾಗಿಸದೆ ಅದರ ಹಳೇ ಜಾಗದಲ್ಲಿ ಸುಮ್ಮನೆ ಮಲಗಿಸಿ ಸ್ಕ್ರೂ ಬಿಗಿದೆ. ಸಾಹುಕಾರರು ಮತ್ತೆ ಎತ್ತಿದರು, ಕಣ್ಣು ಮುಚ್ಚಿದರು, ಆಡಿಸಿದರು.

"ಹಾಂ, ಈಗ ಸರಿ ಉಂಟು," ಎಂದು ಖುಷಿಯಲ್ಲಿ ಹೊರಟವರು ಬಾಗಿಲಲ್ಲಿ ನಿಂತರು. "ನಿನಗೆ ಮದುವೆ ಆಗಿಲ್ಲ ಅಲ್ವಾ?"

"ಇಲ್ಲ. ಹೇಗೆ ಗೊತ್ತಾಯಿತು?"

"ಹೆಂಡತಿ ಇರುವ ಮನೆಗೆ ತೂಕ ಕಡಿಮೆ ಇರುವ ಮೀನು ತೆಗೆದುಕೊಂಡು ಹೋಗಿ ನೋಡು. ಆಮೇಲೆ ಇಷ್ಟು ವಾದ ಮಾಡಲಿಕ್ಕಿಲ್ಲ."

ಪಾಲು

ಉದ್ಯಾವರದಿಂದ ಒಬ್ಬರು ರಿಟೈರ್ಡ್ ಟೀಚರ್ ಬರುತ್ತಾರೆ. ಕೊಂಕಣಿ ಮಾತಾಡುವ ಕ್ಯಾಥೋಲಿಕ್ ಮನೆಯವರು, ನನ್ನನ್ನು ಮಗನ ಹಾಗೆ "ಪುತಾ" ಎಂದೇ ಕರೆಯುವುದು. ಒಮ್ಮೆ ಬಂದವರು, "ಲ್ಯಾಪ್‌ಟಾಪ್ ತುಂಬಿಹೋಗಿದೆ ಪುತಾ. ಒಂದು ಫೋಟೋ ಹಾಕಲಿಕ್ಕೂ ಜಾಗ ಇಲ್ಲ" ಎಂದರು.

ತೆರೆದು ನೋಡಿದರೆ ಮೂವರು ಹೆಣ್ಣುಮಕ್ಕಳು ಮತ್ತು ಒಬ್ಬ ಮಗನಿಗೆ ಒಂದೊಂದು ಫೋಲ್ಡರ್. ಎಲ್ಲದರೊಳಗೂ ಅದೇ ಫೋಟೋ, ಅದೇ ವಿಡಿಯೋ! ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ರೋಸ್ ಉಂಟಲ್ಲ, ಅದರ ಮೂರು ಗಂಟೆಯ ವಿಡಿಯೋ ನಾಲ್ಕು ಕಡೆ ಕೂತಿತ್ತು.

"ಟೀಚರ್, ಇದೆಲ್ಲ ಒಂದೇ. ಒಂದನ್ನು ಇಟ್ಟುಕೊಂಡು ಉಳಿದದ್ದು ತೆಗೆದರೆ ಬೇಕಾದಷ್ಟು ಜಾಗ ಆಗುತ್ತದೆ. ಎಲ್ಲರೂ ಅದನ್ನೇ ನೋಡಬಹುದು."

ಟೀಚರ್ ಕನ್ನಡಕ ತೆಗೆದು ನನ್ನನ್ನು ನೋಡಿದರು. "ನನ್ನ ಗಂಡನ ಮನೆಯ ತೆಂಗಿನ ತೋಟವೂ ಹಾಗೆಯೇ ಎಲ್ಲರಿಗೂ ಒಟ್ಟಿಗೆ ಇಟ್ಟದ್ದು. ಈಗಲೂ ಕೋರ್ಟಿನಲ್ಲಿ ಉಂಟು. ನನ್ನ ಮಕ್ಕಳಿಗೆ ನಾನು ಬದುಕಿರುವಾಗಲೇ ಸರಿಯಾಗಿ ಪಾಲು ಮಾಡಿ ಇಟ್ಟಿದ್ದೇನೆ. ನೀನು ದೊಡ್ಡ ಡಿಸ್ಕ್ ಹಾಕು."

ದೊಡ್ಡ ಎಸ್ಸೆಸ್ಡಿ ಹಾಕಿಕೊಟ್ಟೆ. ಒಂದು ಜನ್ಮಕ್ಕೆ ಸಾಕು ಎಂದುಕೊಂಡಿದ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ ಮತ್ತೆ ಬಂದರು. "ಪುನಃ ತುಂಬಿತು ಪುತಾ."

ಈ ಸಲ ಅಳಿಯಂದಿರ ಹೆಸರಿನಲ್ಲೂ ಫೋಲ್ಡರ್ ಎದ್ದಿತ್ತು.

"ಟೀಚರ್, ಮಗಳೂ ಅಳಿಯನೂ ಒಂದೇ ಮನೆಯಲ್ಲಿ ಇರುವುದಲ್ವಾ? ಒಂದೇ ಫೋಟೋ ಇಬ್ಬರೂ ಒಟ್ಟಿಗೆ ಕೂತು ನೋಡುತ್ತಾರೆ."

"ಪಾಪ," ಎಂದು ನನ್ನ ಕೈ ತಟ್ಟಿದರು ಟೀಚರ್. "ನಿನಗಿನ್ನೂ ಮದುವೆ ಆಗಿಲ್ಲ ಅಲ್ವಾ?"

ಗೋಳಿಬಜೆ

ಕಾರ್ಕಳದ ಒಂದು ಸಣ್ಣ ಸೊಸೈಟಿಯ ಮ್ಯಾನೇಜರ್ ಫೋನ್ ಮಾಡಿ, ಆಫೀಸಿನ ಲ್ಯಾಪ್‌ಟಾಪುಗಳೆಲ್ಲ ಆಮೆಗಳಾಗಿವೆ, ಎಸ್ಸೆಸ್ಡಿ ಹಾಕಿಕೊಡಿ ಎಂದರು. ಹೋಗಿ ಹಾಕಿಕೊಟ್ಟೆ. ಮ್ಯಾನೇಜರ್ ಆನ್ ಮಾಡಿ, ಬಾಯಿ ತೆರೆದು, ನನ್ನ ಬೆನ್ನು ತಟ್ಟಿದರು. ನಾನು ಗೆದ್ದೆ ಎಂದುಕೊಂಡು ಮನೆಗೆ ಬಂದೆ.

ಸ್ವಲ್ಪ ದಿನ ಬಿಟ್ಟು ಎಲ್ಲ ಸರಿ ಉಂಟಾ ಎಂದು ನೋಡಲು ಹೋದರೆ ಆಫೀಸಿನಲ್ಲಿ ಯಾರೂ ನನ್ನ ಮುಖ ನೋಡುತ್ತಿಲ್ಲ. ಎದುರಿನ ಹೋಟೆಲಿನವರು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ನನ್ನನ್ನೇ ದುರುಗುಟ್ಟುತ್ತಿದ್ದಾರೆ. ಕೊನೆಗೆ ಹಿರಿಯ ಗುಮಾಸ್ತರು ಬಾಯಿ ಬಿಟ್ಟರು. ಗಿರಿಜಾ ಮೀಸೆ, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಗಂಟಲು.

"ನೀನು ನಮ್ಮ ಹೊಟ್ಟೆಗೆ ಹೊಡೆದೆ."

"ನಾನಾ? ಎಂತ ಮಾಡಿದೆ?"

ಮಾಡಿದ್ದು ಇದು. ಇಷ್ಟು ವರ್ಷ ಅಲ್ಲಿ ಬೆಳಿಗ್ಗೆ ಲ್ಯಾಪ್‌ಟಾಪುಗಳನ್ನು ಆನ್ ಮಾಡಿಟ್ಟು ಎಲ್ಲರೂ ಒಟ್ಟಿಗೆ ಎದುರಿನ ಹೋಟೆಲಿಗೆ ಹೋಗುವುದು ಕ್ರಮ. ಬಿಸಿ ಗೋಳಿಬಜೆ, ಕಾಯಿಚಟ್ನಿ, ಚಹಾ, ಮಾತು. ಬರುವಾಗ ಲ್ಯಾಪ್‌ಟಾಪ್ ತಯಾರಿರುತ್ತಿತ್ತು. ಈಗ ಬಟನ್ ಒತ್ತಿ ತಿರುಗುವ ಮೊದಲೇ ಅದು ತಯಾರು, ಮ್ಯಾನೇಜರೂ ಹಿಂದೆ ತಯಾರು.

"ಗೋಳಿಬಜೆ ಹೋಗಲಿ," ಎಂದರು ಗುಮಾಸ್ತರು. ದನಿ ನಿಜವಾಗಿ ಕುಗ್ಗಿತ್ತು. "ಪಕ್ಕದ ಟೇಬಲಿನವನ ಮಗಳು ಪಾಸಾದಳೋ ಇಲ್ಲವೋ ನನಗೆ ಗೊತ್ತಿಲ್ಲ ಮಾರಾಯ. ಕೇಳಲಿಕ್ಕೆ ಸಮಯ ಎಲ್ಲಿ ಉಂಟು? ಎಂತದ್ದು ಇಷ್ಟು ಅಂಬೆರ್ಪು ನಿನಗೆ?"

ಅಂಬೆರ್ಪು ಎಂದರೆ ತುಳುವಿನಲ್ಲಿ ಅವಸರ. ಅದು ನನ್ನ ಅವಸರ ಅಲ್ಲ, ಮ್ಯಾನೇಜರರದ್ದು ಎಂದು ಹೇಳಲು ಹೋದೆ. ಅವರು ಬಿಡಬೇಕಲ್ಲ! ಮೀಸೆ ನಡುಗುವ ಹಾಗೆ ಬೊಬ್ಬೆ ಹಾಕಿದರು. "ನಿನ್ನಂಥವನಿಗೆ ಯಾವ ಪುಣ್ಯಾತ್ಮ ಹೆಣ್ಣು ಕೊಡುತ್ತಾನೆ ಎಂದು ನಾನೂ ನೋಡುತ್ತೇನೆ!"

ಬಸ್ಸಿನಲ್ಲಿ ಉಡುಪಿಯವರೆಗೂ ನಗುತ್ತಲೇ ಬಂದೆ. ಮೇಲೆ ಆಕಾಶದಲ್ಲಿ ಯಾರೋ ಕೂತು ಆ ಮಾತು ಕೇಳಿಸಿಕೊಳ್ಳುತ್ತಿದ್ದರು ಎಂದು ಆಗ ಗೊತ್ತಿರಲಿಲ್ಲ.

ಜೋಯಿಸರ ದೂರು

ಇನ್ನಂಜೆಯಲ್ಲಿ ನಮಗೆ ಗುರುತಿನ ಜೋಯಿಸರೊಬ್ಬರು ಇದ್ದಾರೆ. ಜಾತಕ ಕೂಡಿಸುವುದೆಲ್ಲ ಲ್ಯಾಪ್‌ಟಾಪಿನಲ್ಲಿ. ಅವರದ್ದೊಂದು ಕ್ರಮ ಉಂಟು. ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಒಟ್ಟಿಗೆ ಅವರ ಮನೆಗೆ ಬರಬೇಕು, ಎಲ್ಲರ ಎದುರಿನಲ್ಲೇ ಜಾತಕ ನೋಡುವುದು. ನನಗೆ ಹೆಣ್ಣು ಹುಡುಕುವ ಕೆಲಸವನ್ನು ಅಮ್ಮ ಅವರ ತಲೆಗೇ ಕಟ್ಟಿದ್ದರು. ಆ ದಾಕ್ಷಿಣ್ಯಕ್ಕೆ ನಾನೇ ಹೋಗಿ ಅವರ ಲ್ಯಾಪ್‌ಟಾಪಿಗೆ ಎಸ್ಸೆಸ್ಡಿ ಹಾಕಿಕೊಟ್ಟಿದ್ದೆ. ಬ್ಯಾಟರಿ ಪೂರ್ತಿ ಹೋಗಿತ್ತು, ಅದನ್ನೂ ಹಾಕುತ್ತೇನೆ ಎಂದೆ. "ಗೋಡೆಯಲ್ಲಿ ಪ್ಲಗ್ ಉಂಟಲ್ಲ, ಬ್ಯಾಟರಿ ಯಾಕೆ?" ಎಂದರು. ತೆಗೆದ ಹಳೆ ಡಿಸ್ಕನ್ನು ಮಾತ್ರ ನನ್ನ ಕೈಯಿಂದ ಕಿತ್ತುಕೊಂಡು ದೇವರ ಕೋಣೆಯಲ್ಲಿ ಇಟ್ಟರು. "ಅರ್ಧ ಕಾಪುವಿನ ಜಾತಕ ಇದರಲ್ಲಿ ಉಂಟು. ಗುಜರಿಗೆ ಹಾಕುತ್ತಾರಾ ಯಾರಾದರೂ?"

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಒಂದರ ಹಿಂದೆ ಒಂದು ಸಂಬಂಧ ಬಂತು, ಒಂದರ ಹಿಂದೆ ಒಂದು ಮುರಿಯಿತು. ನಾವು ಹೋಗಿ ಕೂರುತ್ತೇವೆ, ಜೋಯಿಸರು ಬಟನ್ ಒತ್ತುತ್ತಾರೆ, ಇಷ್ಟು ಅಂಕಕ್ಕೆ ಇಷ್ಟು ಅಂತ ಫಟ್ಟನೆ ಬರುತ್ತದೆ. ನನ್ನ ಜಾತಕಕ್ಕೆ ಯಾವತ್ತೂ ಕಡಿಮೆಯೇ. ಹೆಣ್ಣಿನ ಕಡೆಯವರು ಚಪ್ಪಲಿ ಹುಡುಕುತ್ತಾರೆ. ಅಮ್ಮ ದಾರಿಯುದ್ದಕ್ಕೂ ಮಾತಾಡುವುದಿಲ್ಲ. ಅಮ್ಮ ಮಾತಾಡದಿದ್ದರೆ ನನಗೆ ಹೆದರಿಕೆ ಜಾಸ್ತಿ.

ಒಂದು ದಿನ ಜೋಯಿಸರೇ ಅಂಗಡಿಗೆ ಬಂದರು. ಬಂದವರು ಬೋರ್ಡನ್ನು ಒಮ್ಮೆ ನೋಡಿ, "ಇದು ಹಾಳು ಮಾಡಿದ್ದು ಎಲ್ಲವನ್ನೂ" ಎಂದರು.

"ಎಂತಾಯಿತು ಜೋಯಿಸರೇ? ಸ್ಪೀಡು ಕಡಿಮೆ ಆಯಿತಾ?"

"ಕಡಿಮೆ ಆಗಿದ್ದರೆ ಚಂದ ಇತ್ತು! ನೋಡು, ಮೊದಲು ನಾನು ಬಟನ್ ಒತ್ತಿದ ಮೇಲೆ ಅದು ಏಳಲಿಕ್ಕೆ ಕಾಲು ಗಂಟೆ. ಜಾತಕ ತೆರೆಯಲಿಕ್ಕೆ ಮತ್ತೆ ಅಷ್ಟು ಹೊತ್ತು. ಅಷ್ಟರಲ್ಲಿ ಮಜ್ಜಿಗೆ ಬರುತ್ತದೆ, ತಿಂಡಿ ಬರುತ್ತದೆ. ಇವರ ಅತ್ತೆ ಅವರ ಊರಿನವಳು ಎಂದು ಗೊತ್ತಾಗುತ್ತದೆ. ಹುಡುಗ ಹುಡುಗಿ ಮೆಲ್ಲಗೆ ನಾಲ್ಕು ಮಾತಾಡುತ್ತಾರೆ. ಅಂಕ ಬರುವಾಗ ಎರಡೂ ಕಡೆಯವರು ನೆಂಟರೇ ಆಗಿರುತ್ತಾರೆ. ಅಂಕ ಕಡಿಮೆ ಬಂದರೂ ಅವರೇ ಕೇಳುತ್ತಾರೆ, ಇದಕ್ಕೆ ಎಂತ ಪರಿಹಾರ ಮಾಡಬಹುದು ಜೋಯಿಸರೇ ಎಂದು. ಈಗ? ಮುಖ ನೋಡುವ ಮೊದಲೇ ಅಂಕ ಬರುತ್ತದೆ. ಎದ್ದು ಹೋಗುತ್ತಾರೆ."

ನಾನು ಸ್ಕ್ರೂಡ್ರೈವರ್ ಕೆಳಗಿಟ್ಟೆ. ನನ್ನ ಮದುವೆಗಳನ್ನೆಲ್ಲ ನಾನೇ ಕೈಯಾರೆ ಮುರಿದುಕೊಂಡಿದ್ದೆ, ಅದೂ ಫ್ರೀ ಸರ್ವಿಸ್‌ನಲ್ಲಿ!

"ಬರುವ ಆದಿತ್ಯವಾರ ನಿನಗೊಂದು ಸಂಬಂಧ ಉಂಟು. ಒಳ್ಳೆಯ ಹುಡುಗಿ. ಹಳೆಯದನ್ನು ಹಾಕು ಮಾರಾಯ, ದಮ್ಮಯ್ಯ," ಎಂದರು ಜೋಯಿಸರು.

"ಮಿಂಚಿನ ವೇಗ ಎಂದು ಬೋರ್ಡ್ ಹಾಕಿಕೊಂಡವನು ಹಾರ್ಡ್ ಡಿಸ್ಕ್ ಹಾಕುವುದಾ? ಯಾರಿಗಾದರೂ ಗೊತ್ತಾದರೆ ಅಂಗಡಿ ಮುಚ್ಚಬೇಕು ಜೋಯಿಸರೇ. ಆಗುವುದಿಲ್ಲ."

"ಸರಿ. ಬೋರ್ಡಿಗೇ ತಾಳಿ ಕಟ್ಟು."

ಆದಿತ್ಯವಾರ

ಆದಿತ್ಯವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಇನ್ನಂಜೆಗೆ ಹೋಗಿ, ದೇವರ ಕೋಣೆಯಿಂದ ಕುಂಕುಮ ಹಚ್ಚಿದ್ದ ಡಿಸ್ಕನ್ನು ತಂದು, ಒರೆಸಿ, ಒಳಗೆ ಕೂರಿಸಿದೆ. ಸುಮಾರು ಕಾಲದಿಂದ ಮಲಗಿದ್ದ ಅದಕ್ಕೆ ಅಪ್‌ಡೇಟುಗಳೂ ಬಾಕಿ ಇದ್ದವು. ಜೋಯಿಸರು ಕೈಮುಗಿದರು. ನಾನೂ ಮುಗಿದೆ.

ಅಮ್ಮ ಬಂದರು. ಹೆಣ್ಣಿನ ಕಡೆಯವರ ಕಾರು ಗದ್ದೆಯ ಬದಿಯಲ್ಲಿ ನಿಂತಿತು. ಮೊದಲು ಹುಡುಗಿ ಇಳಿದಳು. ಮಣಿಪಾಲದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಎಂದು ಜೋಯಿಸರು ಹೇಳಿದ್ದರು. ನೋಡಿದ ಕೂಡಲೇ ನನಗೆ ಇಷ್ಟವಾದಳು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವಳ ತಾಯಿ ಇಳಿದರು. ಕೊನೆಗೆ, ಮನೆಯಲ್ಲಿ ಯಾರ ಮಾತು ನಡೆಯುತ್ತದೋ ಆ ಸೋದರಮಾವ ಇಳಿದರು. ಮೊದಲು ಹೊಟ್ಟೆ, ಆಮೇಲೆ ಮೀಸೆ.

ಕಾರ್ಕಳದ ಗುಮಾಸ್ತರು!

"ಓ, ನೀನಾ," ಎಂದರು. ಅಷ್ಟೇ. ನನ್ನ ಕಿವಿ ಕೆಂಪಾಗಲಿಲ್ಲ, ತಣ್ಣಗಾಯಿತು.

ಜೋಯಿಸರು ಬಟನ್ ಒತ್ತಿದರು. ಎಲ್ಲರೂ ಕೂತೆವು. ಲ್ಯಾಪ್‌ಟಾಪ್ ಒಂದು ಮಣೆಯ ಮೇಲೆ, ಹೆಂಗಸರು ಗೋಡೆಯ ಬದಿಗೆ, ಗಂಡಸರು ಈಚೆ. ಗುಂಡಗಿನ ಚಕ್ರವೊಂದು ತಿರುಗುತ್ತಿತ್ತು. ಟಿಕ್ ಟಿಕ್, ಕರ್ರ್. ಮಾವ ಮೀಸೆ ತಿರುವುತ್ತಾ ಛಾವಣಿ ನೋಡುತ್ತಿದ್ದರು. ಇನ್ನು ಎದ್ದೇ ಹೋಗುತ್ತಾರೆ ಎಂದುಕೊಳ್ಳುವಾಗ ಒಳಗಿನಿಂದ ಜೋಯಿಸರ ಹೆಂಡತಿ ಗೋಳಿಬಜೆ ತಂದರು.

ಮಾವ ಒಂದು ತಿಂದರು. ಇನ್ನೊಂದು ತಿಂದರು. ಸ್ಕ್ರೀನ್ ಕಡೆ ನೋಡಿದರು. ಚಕ್ರ ತಿರುಗುತ್ತಲೇ ಇತ್ತು. ಅವರ ಮುಖ ನಿಧಾನಕ್ಕೆ ಸಡಿಲವಾಯಿತು.

"ಇದು ನೋಡಿ ಯಂತ್ರ!" ಎಂದರು. "ಮನುಷ್ಯನಿಗೆ ಬಾಯಿ ಆಡಿಸಲಿಕ್ಕೆ ಸಮಯ ಕೊಡುತ್ತದೆ." ಆಮೇಲೆ ಅಮ್ಮನ ಕಡೆ ತಿರುಗಿದರು. "ನಿಮ್ಮ ತವರು ಯಾವ ಕಡೆ ಅಕ್ಕಾ?"

ಮುಗಿಯಿತು. ಅಮ್ಮನ ತವರಿನ ಪಕ್ಕದ ಮನೆಗೆ ಮಾವನ ದೊಡ್ಡಮ್ಮನನ್ನು ಕೊಟ್ಟದ್ದಂತೆ. ಅಲ್ಲಿಂದ ಮಾತು ಬಿಚ್ಚಿದ್ದು ನಿಲ್ಲಲೇ ಇಲ್ಲ. ಮಾವ ನಗುತ್ತಾ ನನ್ನ ತೊಡೆಗೆ ಒಂದು ಹೊಡೆದರು. "ಇಂಥ ಒಳ್ಳೆಯದನ್ನು ಹಾಳು ಮಾಡುವುದೇ ನಿನ್ನ ಕೆಲಸ ಅಲ್ವಾ ಮಾರಾಯ!" ಆ ಪೆಟ್ಟು ಅಷ್ಟು ಸಿಹಿ ಇರಬಹುದು ಎಂದು ಗೊತ್ತಿರಲಿಲ್ಲ.

ಹುಡುಗಿ ಮಾತ್ರ ತಲೆ ವಾರೆ ಮಾಡಿ ಲ್ಯಾಪ್‌ಟಾಪಿನ ಸದ್ದು ಕೇಳುತ್ತಿದ್ದಳು.

"ರಸ್ತೆ ಬದಿಯಲ್ಲಿ ಮಿಂಚಿನ ವೇಗ ಎಂದು ಬೋರ್ಡ್ ಇರುವ ಅಂಗಡಿ ನಿಮ್ಮದಲ್ವಾ?" ಎಂದು ಕೇಳಿದಳು.

"ಹೌದು."

"ಹಾಂ," ಎಂದಳು. ಲ್ಯಾಪ್‌ಟಾಪು ಟಿಕ್ ಎಂದಿತು. ನನಗೆ ಬೆವರು ಬಂತು.

ಮಾತು ತಿರುಗಿಸಬೇಕೆಂದು ಲ್ಯಾಬಿನ ಕೆಲಸ ಹೇಗುಂಟು ಎಂದು ಕೇಳಿದೆ. "ಕೆಲಸ ಕಷ್ಟ ಇಲ್ಲ. ಶಟ್‌ಡೌನ್ ಮಾಡದೆ ಪ್ಲಗ್ ಎಳೆಯುವವರನ್ನು ಕಂಡರೆ ಮಾತ್ರ ಮೈ ಉರಿಯುತ್ತದೆ. ಎಷ್ಟು ಬೈದರೂ ಬುದ್ಧಿ ಬರುವುದಿಲ್ಲ" ಎಂದಳು.

"ನನಗೂ! ಅಂಥವರಿಂದಲೇ ಡಿಸ್ಕ್ ಹಾಳಾಗುವುದು," ಎಂದೆ. ಇಬ್ಬರೂ ನಕ್ಕೆವು. ನಮ್ಮಿಬ್ಬರಿಗೆ ಮೊದಲು ಕೂಡಿಬಂದ ಗುಣ ಅದೇ.

ಅಷ್ಟರಲ್ಲಿ ಲ್ಯಾಪ್‌ಟಾಪ್ ಎದ್ದು, ಜೋಯಿಸರು ಇಬ್ಬರ ಜಾತಕವನ್ನೂ ಅದಕ್ಕೆ ಕೊಟ್ಟರು; ಪುಟ ತೆರೆಯಲು ಶುರುವಾಯಿತು. ಹಸಿರು ಪಟ್ಟಿ ಇಷ್ಟಿಷ್ಟೇ ಮುಂದೆ ಹೋಗುತ್ತಿತ್ತು. ಹಿಂದಿನ ಅಂಕಗಳೆಲ್ಲ ನನಗೆ ನೆನಪಾದವು. ಇಷ್ಟು ದಿನ ಅಂಕ ಬೇಗ ಬರುತ್ತದೆ ಎಂದು ಸಂಕಟ; ಈಗ ಬರುವುದೇ ಬೇಡ ಎನಿಸಿತು. ಜೋಯಿಸರು ಚಟ್ನಿ ತರಲು ಒಳಗೆ ಹೋಗಿದ್ದರು. ಮಾವ ಅಮ್ಮನಿಗೆ ಯಾವುದೋ ಹಳೇ ಕುಶಾಲು ಹೇಳುತ್ತಿದ್ದರು. ಜಾತಕ ಕೊಡುವಾಗ ಜೋಯಿಸರು ಸರಿಸಿದ್ದರಿಂದ ಸ್ಕ್ರೀನ್ ಈಗ ಗೋಡೆಯ ಬದಿಗೆ ತಿರುಗಿತ್ತು, ನನಗೆ ಕಾಣುತ್ತಿರಲಿಲ್ಲ. ಬಗ್ಗಿ ನೋಡಬೇಕೆನ್ನುವಷ್ಟರಲ್ಲಿ ಟಿಕ್ ಟಿಕ್ ಸದ್ದು ನಿಂತಿತು. ಲ್ಯಾಪ್‌ಟಾಪ್ ಕಪ್ಪಾಯಿತು.

"ಛೆ, ಕರೆಂಟ್ ಹೋಯಿತಾ?" ಎಂದರು ಮಾವ. "ಪುನಃ ಶುರು ಮಾಡಿದರೆ ಅಷ್ಟೇ ಹೊತ್ತು ಬೇಕಾ?"

"ಅದಕ್ಕಿಂತ ಜಾಸ್ತಿ," ಎಂದೆ. ಅದು ಸತ್ಯ. ಹಾಗೆ ಆಫ್ ಆದರೆ ಅದು ಡಿಸ್ಕನ್ನೆಲ್ಲ ತಡಕಾಡಿಯೇ ಏಳುವುದು.

ಮಾವ ಬಟ್ಟಲಲ್ಲಿ ಉಳಿದಿದ್ದ ಕೊನೆಯ ಗೋಳಿಬಜೆ ಬಾಯಿಗೆ ಹಾಕಿಕೊಂಡು, ಅಗಿದು, ನುಂಗಿ, ಚಟ್ನಿ ಹಿಡಿದು ಬಂದ ಜೋಯಿಸರ ಎದುರಿಗೇ ತೀರ್ಪು ಕೊಟ್ಟರು. "ಬೇಡ. ಮನೆಯವರು ಕೂಡಿದ್ದೇವೆ, ಸಾಕು. ಜೋಯಿಸರೇ, ಒಂದು ಮುಹೂರ್ತ ನೋಡಿ. ಪಂಚಾಂಗದಲ್ಲಿ ನೋಡಿ, ಇದರಲ್ಲಿ ಬೇಡ."

ಅಮ್ಮನ ಕಣ್ಣು ತುಂಬಿತು. ನಾನು ಕಣ್ಣೀರು ಕಾಣಬಾರದೆಂದು ಮೇಲೆ ನೋಡಿದೆ. ಫ್ಯಾನ್ ಗರಗರ ತಿರುಗುತ್ತಿತ್ತು.

ಹೊರಡುವಾಗ ಜೋಯಿಸರ ಕಾಲಿಗೆ ಬಿದ್ದು, "ಒಳ್ಳೆಯ ಸಮಯಕ್ಕೆ ಆಫ್ ಮಾಡಿದಿರಿ" ಎಂದೆ. ಅವರು ಕಕ್ಕಾಬಿಕ್ಕಿಯಾದರು. "ನಾನಾ? ನಾನು ಚಟ್ನಿಯ ಹತ್ತಿರ ಇದ್ದೆ. ನೀನೇ ಎಂತದೋ ಮಾಡಿದ್ದು ಎಂದುಕೊಂಡೆ ಮಾರಾಯ."

ಮದುವೆ ಆಯಿತು. ಮೀನಿನ ಸಾಹುಕಾರರು ಬಂದು ಉಡುಗೊರೆಯ ಪೆಟ್ಟಿಗೆ ಎತ್ತಿ ತೂಕ ನೋಡಿಯೇ ಕೊಟ್ಟರು. ಟೀಚರ್ ನಮ್ಮ ಮದುವೆಯ ಫೋಟೋಗಳನ್ನು ನನಗೊಂದು, ಅವಳಿಗೊಂದು ಎಂದು ಬೇರೆ ಬೇರೆ ಫೋಲ್ಡರಿನಲ್ಲಿ ಹಾಕಿಟ್ಟಿದ್ದಾರೆ. ಮಾವ ವಾರಕ್ಕೊಮ್ಮೆ ಬರುತ್ತಾರೆ, ನನ್ನ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ನಿಧಾನದ ಮಹತ್ವ ಹೇಳಿ ವ್ಯಾಪಾರ ಕೆಡಿಸುತ್ತಾರೆ.

ಮೊನ್ನೆ ಮನೆಯಲ್ಲಿ ಚಹಾ ಕುಡಿಯುತ್ತಾ, ಆ ದಿನ ಫ್ಯಾನ್ ತಿರುಗುತ್ತಿತ್ತಲ್ಲ, ಕರೆಂಟ್ ಹೋಗಿರಲಿಲ್ಲ, ಮತ್ತೆ ಲ್ಯಾಪ್‌ಟಾಪ್ ಹೇಗೆ ಆಫ್ ಆಯಿತೋ ದೇವರಿಗೇ ಗೊತ್ತು ಎಂದೆ.

"ದೇವರು ಯಾಕೆ? ಪ್ಲಗ್ ನನ್ನ ಕೈಯ ಹತ್ತಿರವೇ ಇತ್ತು," ಎಂದಳು ಹೆಂಡತಿ, ಚಹಾ ಊದುತ್ತಾ.

"ನೀನಾ! ಶಟ್‌ಡೌನ್ ಮಾಡದೆ?"

"ಜೀವನದಲ್ಲಿ ಅದೊಂದು ಸಲ. ಮಿಂಚಿನ ಬೋರ್ಡಿನವರು ನನಗೋಸ್ಕರ ಹಾರ್ಡ್ ಡಿಸ್ಕ್ ಹಾಕಿಕೊಂಡು ಕೂತಿರುವಾಗ, ನಾನು ಒಂದು ಪ್ಲಗ್ ಎಳೆಯಬಾರದಾ?"

ಖುಷಿಯಲ್ಲಿ ಎರಡೂ ಕಿವಿ ಕೆಂಪಾಯಿತು. ಆಮೇಲೆ ತಟ್ಟನೆ ಹೊಳೆಯಿತು, ಸ್ಕ್ರೀನ್ ಅವಳ ಕಡೆಗೇ ತಿರುಗಿತ್ತಲ್ಲ!

"ಹಾಗಾದರೆ ನೀನು ಅಂಕ ನೋಡಿದ್ದೀ! ಎಷ್ಟು ಬಂದಿತ್ತು?"

ಲೋಟ ಕೆಳಗಿಟ್ಟು, ಲ್ಯಾಬಿನಲ್ಲಿ ಮಕ್ಕಳಿಗೆ ಹೇಳುವ ಅದೇ ಗಂಭೀರ ಮುಖದಲ್ಲಿ ಹೇಳಿದಳು:

"ಸೇವ್ ಆಗಲಿಲ್ಲ."